ಹಿಡಿಸೂಡಿ ಗಂಡು, ಸಲಿಕೆ ಹೆಣ್ಣು

— ನೀನು ಆರು ತಿಂಗಳು ಜರ್ಮನಿಯಲ್ಲಿದ್ದು ಬಂದೆ, ಬಂದೂ ಏಳು ತಿಂಗಳಾಯಿತು. ಯಾರು ಕೇಳಿದರೂ ‘ಚೆನ್ನಾಗಿತ್ತು’ ಎಂದು ಒಂದೇ ಮಾತು ಹೇಳುತ್ತೀಯಂತೆ. ನನಗೆ ಆ ಉತ್ತರ ಸಾಲದು. ಆಚೆ ಮನೆಯ ಹುಡುಗನಿಗೂ ಹೀಗೇ ಒಂದು ಸೆಮಿಸ್ಟರಿಗೆ ಹೋಗುವ ಅವಕಾಶ ಬಂದಿದೆ. ‘ಕಳಿಸಬಹುದಾ ಟೀಚರ್’ ಎಂದು ಅವನ ತಾಯಿ ನಿನ್ನೆ ಗೇಟಿನ ಹತ್ತಿರ ನಿಂತು ಕೇಳಿದಳು. ನಾನು ಎಂತ ಹೇಳಲಿ?

— ಕಳಿಸಲಿ ದೊಡ್ಡಮ್ಮ. ಆದರೆ ನಾನು ಹೋದ ಹಾಗೆ ಹೋಗುವುದು ಬೇಡ.

— ನೀನು ಹೋದ ಹಾಗೆ ಅಂದರೆ?

— ಭಾಷೆ ಬಾರದೆ. ಹೊರಡುವ ಮೊದಲು ಮೂರು ತಿಂಗಳು ಭಾನುವಾರದ ಕ್ಲಾಸಿಗೆ ಹೋಗಿ ಎ1 ಎನ್ನುವ ಮೊದಲ ಮೆಟ್ಟಿಲು ಮುಗಿಸಿದ್ದೆ. ನನ್ನ ಹೆಸರು ಇಂಥದ್ದು, ನಾನು ಭಾರತದವಳು, ಬಸ್ಸು ಎಷ್ಟು ಗಂಟೆಗೆ — ಅಷ್ಟೇ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಇಷ್ಟು ಸಾಕು ಎಂದರು ಎಲ್ಲರೂ. ತರಗತಿಗೆ ಸಾಕಾಯಿತು. ಊರಿಗೆ ಸಾಕಾಗಲಿಲ್ಲ.

— ಊರಿನ ಹೆಸರು ನಿನ್ನ ಅಮ್ಮನ ಬಾಯಲ್ಲಿ ಕೇಳಿದೆ, ಯಾವುದೆಂದು ತಿಳಿಯಲಿಲ್ಲ.

— ಟ್ಯೂಬಿಂಗನ್.

— ಟ್ಯೂಬಿಂಗನ್ನಾ! ಕನ್ನಡ ನಿಘಂಟಿನ ಕಿಟ್ಟೆಲರ ಊರು! ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳ ಹತ್ತಿರ ಇದನ್ನು ಹೊರಡುವ ಮೊದಲೇ ಹೇಳಬಾರದಿತ್ತಾ?

— ಹೊರಡುವಾಗ ನನಗೇ ಗೊತ್ತಿರಲಿಲ್ಲ. ಅದನ್ನು ಹೇಳಲು ಈಗಲೂ ಬೇಸರವಾಗುತ್ತದೆ. ಅವರು ಹುಟ್ಟಿದ್ದು ಅಲ್ಲಿ ಅಲ್ಲ, ಉತ್ತರದ ಕಡಲ ಕಡೆಯಲ್ಲಿ, 1832ರಲ್ಲಿ. ಆದರೆ ಕೊನೆಗಾಲ ಕಳೆದದ್ದು ಟ್ಯೂಬಿಂಗನ್ನಿನಲ್ಲಿ, 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ನಾನು ಕಲಿತ ವಿಶ್ವವಿದ್ಯಾಲಯವೇ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ನಮ್ಮ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದೂ ಅದೇ ಊರಿನಲ್ಲಿ.

— ‘ಮಂಗಳೂರು ಸಮಾಚಾರ’ದ ಮೋಗ್ಲಿಂಗ್. 1843ರ ಜುಲೈ 1, ಕನ್ನಡದ ಮೊದಲ ಪತ್ರಿಕೆ. ಪ್ರತಿ ವರ್ಷ ಮಕ್ಕಳಿಂದ ಬರೆಸುತ್ತಿದ್ದೆ ಆ ತಾರೀಕನ್ನು. ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, 1894ರಲ್ಲಿ. ಸುಮಾರು 70,000 ಶಬ್ದ. ಆ ಕಪಾಟಿನ ಕೆಳಗಿನ ಸಾಲಿನಲ್ಲಿ ನೋಡು, ಮರುಮುದ್ರಣದ ಪ್ರತಿ ಉಂಟು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಯಬಾರದು. ಆದರೆ ಭಾಷೆಯ ಎದುರು ಶಿಷ್ಯರ ಹಾಗೆ ಕುಳಿತರು, ಅದನ್ನೂ ಮರೆಯಬಾರದು. ಸರಿ, ಊರು ಹೇಗುಂಟು?

— ಸಣ್ಣ ಊರು ದೊಡ್ಡಮ್ಮ. ಒಟ್ಟು 90,000 ಜನ ಇದ್ದಾರು, ವಿಶ್ವವಿದ್ಯಾಲಯದಲ್ಲಿ ಓದುವವರೇ 28,000ದ ಹತ್ತಿರ. ನೆಕರ್ ಎಂಬ ನದಿ, ಅದರ ದಂಡೆಗೆ ಒತ್ತಿಕೊಂಡು ಸಾಲು ಮನೆಗಳು, ಗುಡ್ಡದ ಮೇಲೆ ಕೋಟೆ. ಆ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಾಲಯ ಮಾಡಿಕೊಂಡಿದ್ದರಂತೆ. ಈಗ ನಾವು ಡಿಎನ್ಎ ಎನ್ನುವ ವಸ್ತುವನ್ನು ಜೀವಕೋಶದಿಂದ ಮೊದಲು ಬೇರ್ಪಡಿಸಿದ್ದು ಅಲ್ಲಿ, 1869ರಲ್ಲಿ. ಕಿಟ್ಟೆಲರಿಗೆ ಡಾಕ್ಟರೇಟ್ ಬಂದ ವರ್ಷ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಅದೇ ಊರಿನ ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಮಲಯಾಳಂ ನಿಘಂಟು ಮಾಡಿದ ಗುಂಡರ್ಟರ ಮಗಳು ಆಕೆ. ನಮ್ಮ ಕರಾವಳಿಗೂ ಆ ಊರಿಗೂ ಇಷ್ಟೆಲ್ಲ ನಂಟು ಇತ್ತು. ನಾನು ಮಾತ್ರ ಮೊದಲ ಐದು ವಾರ ಯಾವುದನ್ನೂ ಕಾಣಲಿಲ್ಲ.

— ಯಾಕೆ?

— ನಮ್ಮವರ ಗುಂಪಿನೊಳಗೇ ಇದ್ದೆ. ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತು. ಅವರನ್ನು ಬೈಯುವುದಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಟ್ಟ ಮೇಲೆ ಐದು ಗಂಟೆಗೇ ಕತ್ತಲು, ಡಿಸೆಂಬರಿನಲ್ಲಿ ನಾಲ್ಕೂವರೆಗೆ. ದೀಪಾವಳಿಯ ದಿನ ಅಮ್ಮ ಫೋನಿನಲ್ಲಿ ಹಣತೆ ತೋರಿಸಿದಳು, ನಾನು ಜ್ವರ ಎಂದು ಸುಳ್ಳು ಹೇಳಿ ಬೇಗ ಇಟ್ಟುಬಿಟ್ಟೆ. ಅಂಥ ದಿನಗಳಲ್ಲಿ ಅನ್ನ ಬಡಿಸಿದವರು ಅವರೇ. ಆದರೆ ಆ ಗುಂಪಿನಲ್ಲಿ ಆರು ತಿಂಗಳೂ ಕಳೆದಿದ್ದರೆ ನಾನು ಜರ್ಮನಿಗೆ ಹೋದ ಹಾಗೆಯೇ ಆಗುತ್ತಿರಲಿಲ್ಲ.

— ಮತ್ತೆ ಹೊರಗೆ ಕರೆದುಕೊಂಡು ಬಂದವರು ಯಾರು?

— ನಾನಿದ್ದ ಮನೆಯ ಅಜ್ಜಿ. ಹಾಸ್ಟೆಲಿನಲ್ಲಿ ಕೋಣೆ ಸಿಗಲಿಲ್ಲ; ಆ ಊರಿನಲ್ಲಿ ವಿದ್ಯಾರ್ಥಿಗಳು ಹೆಚ್ಚು, ಕೋಣೆ ಕಡಿಮೆ. ಲುಸ್ಟ್‌ನೌ ಎಂಬ ಬಡಾವಣೆಯಲ್ಲಿ ಒಂದು ಮನೆಯ ಮಾಳಿಗೆ ಕೋಣೆ ಸಿಕ್ಕಿತು. ಅಜ್ಜಿಗೆ ಎಂಬತ್ತು ದಾಟಿದೆ, ಒಂದು ಅಕ್ಷರ ಇಂಗ್ಲಿಷ್ ಬಾರದು. ಆಡುವುದು ಸ್ವಾಬಿಯನ್ ಎನ್ನುವ ಅಲ್ಲಿಯ ಆಡುಮಾತು. ನನ್ನ ಎ1 ಪುಸ್ತಕದ ಜರ್ಮನ್ನಿಗೂ ಅದಕ್ಕೂ ಇರುವ ದೂರ ಬೆಂಗಳೂರಿನ ಕನ್ನಡಕ್ಕೂ ಸುಳ್ಯದ ಅರೆಭಾಷೆಗೂ ಇರುವಷ್ಟು.

ಐದನೆಯ ವಾರದಲ್ಲಿ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಮರದ ಹಲಗೆ ನೇತಾಡುತ್ತಿತ್ತು. ಅಂಗೈಯಷ್ಟು ಅಗಲ, ಅಂಚು ಸವೆದು ನುಣುಪಾಗಿದೆ, ಕಪ್ಪು ಬಣ್ಣದಲ್ಲಿ ‘ಕೇರ್‌ವೋಖೆ’ ಎಂದು ಬರೆದಿದೆ. ನನ್ನಿಂದ ಏನೋ ತಪ್ಪಾಗಿದೆ, ಮನೆ ಬಿಡಲು ಹೇಳಿದ್ದಾರೆ ಎಂದು ಎದೆ ಧಸಕ್ಕೆಂದಿತು. ಅರ್ಥ ಹುಡುಕಿದರೆ ‘ಗುಡಿಸುವ ವಾರ’.

— ಗುಡಿಸುವ ವಾರ?

— ಹೌದು. ಆ ಸೀಮೆಯಲ್ಲಿ ಒಂದು ಮನೆಯಲ್ಲಿ ನಾಲ್ಕು ಬಿಡಾರ ಇದ್ದರೆ, ವಾರಕ್ಕೆ ಒಬ್ಬರ ಹಾಗೆ ಮೆಟ್ಟಿಲು, ಜಗಲಿ, ಮನೆ ಮುಂದಿನ ಕಾಲುದಾರಿ ಗುಡಿಸಬೇಕು. ಹಲಗೆ ಯಾರ ಬಾಗಿಲಲ್ಲಿ ಉಂಟೋ ಅವರ ಸರದಿ. ಮುಗಿದ ಮೇಲೆ ಮುಂದಿನವರ ಬಾಗಿಲಿಗೆ ತೂಗಿಹಾಕಬೇಕು. ತುಂಬ ಹಳೆಯ ಪದ್ಧತಿ. ಬೀದಿ ಚೊಕ್ಕಟ ಇಡಬೇಕೆಂಬ ಕಟ್ಟಳೆಯನ್ನು 1492ರಲ್ಲಿ ಸ್ಟುಟ್‌ಗಾರ್ಟಿಗೆ ತಂದವನು ಎಬರ್ಹಾರ್ಡ್ ಎಂಬ ದೊರೆ ಎನ್ನುತ್ತಾರೆ. 1477ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಟ್ಟಿಸಿದವನೂ ಅವನೇ.

— ವಿದ್ಯೆಗೂ ಹಿಡಿಸೂಡಿಗೂ ಒಬ್ಬನೇ ಯಜಮಾನ. ಒಳ್ಳೆಯದು.

— ಆ ಹಿಡಿಸೂಡಿಯಿಂದಲೇ ನನ್ನ ಪಾಠ ಶುರುವಾಯಿತು ದೊಡ್ಡಮ್ಮ. ನಾನು ಗುಡಿಸುವಾಗ ಅಜ್ಜಿ ಮೇಲಿನ ಮೆಟ್ಟಿಲಿನಲ್ಲಿ ನಿಂತು ನೋಡಿದರು. ಕೆಳಗಿನಿಂದ ಮೇಲಕ್ಕೆ ಗುಡಿಸುತ್ತಿದ್ದೆ. ಕೆಳಗೆ ಬಂದು ನನ್ನ ಕೈಯಿಂದ ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಹೇಗೆಂದು ತೋರಿಸಿ, ಅದನ್ನು ಎತ್ತಿ ಹಿಡಿದು ‘ಡೇರ್ ಬೇಸನ್’ ಎಂದರು. ನಾನೂ ಹೇಳಿದೆ. ಸರಿಯಾಗುವವರೆಗೆ ಹೇಳಿಸಿದರು. ಜನವರಿಯಲ್ಲಿ ಹಿಮ ಬಿದ್ದಾಗ ನನ್ನ ಸರದಿ. ಬೆಳಿಗ್ಗೆ ಏಳಕ್ಕೆ, ಕತ್ತಲಲ್ಲಿ, ಕಾಲುದಾರಿಯ ಹಿಮ ಎತ್ತಿ ಬದಿಗೆ ಹಾಕಬೇಕು. ಯಾರಾದರೂ ಜಾರಿ ಬಿದ್ದರೆ ಮನೆಯವರ ಹೊಣೆ. ಆಗ ಸಲಿಕೆ ಬಂತು, ‘ಡೀ ಶೌಫಲ್’. ಅಡಿಯಲ್ಲಿ ಗಟ್ಟಿಯಾಗಿ ಕೂತ ಮಂಜುಗಡ್ಡೆ, ‘ದಾಸ್ ಐಸ್’. ಡೇರ್ ಎಂದರೆ ಪುಲ್ಲಿಂಗ, ಡೀ ಸ್ತ್ರೀಲಿಂಗ, ದಾಸ್ ನಪುಂಸಕ. ಹಿಡಿಸೂಡಿ ಗಂಡು, ಸಲಿಕೆ ಹೆಣ್ಣು, ಮಂಜುಗಡ್ಡೆ ಎರಡೂ ಅಲ್ಲ.

— ಯಾವ ಆಧಾರದ ಮೇಲೆ?

— ಆಧಾರ ಕೇಳಬಾರದು ಎಂದು ಕಲಿಯುವುದೇ ಅಲ್ಲಿಯ ಮೊದಲ ಪಾಠ. ಹುಡುಗಿ ಎನ್ನುವ ಶಬ್ದವೇ ಅವರಲ್ಲಿ ನಪುಂಸಕಲಿಂಗ.

— ನಮ್ಮಲ್ಲಿ ಅರ್ಥ ನೋಡಿದರೆ ಲಿಂಗ ತಿಳಿಯುತ್ತದೆ. ಗಂಡಸು ಬಂದ, ಹೆಂಗಸು ಬಂದಳು, ಉಳಿದದ್ದೆಲ್ಲ ಬಂತು. ಎಂಟನೆಯ ತರಗತಿಗೆ ಎಷ್ಟು ಸಲ ಪಾಠ ಮಾಡಿದ್ದೇನೆ! ಆದರೆ ಇದು ನಮ್ಮ ಭಾಷೆಯ ಒಂದು ಸೌಕರ್ಯ ಎಂದು ನನಗೆ ಒಮ್ಮೆಯೂ ಹೊಳೆದದ್ದಿಲ್ಲ.

— ನನಗೂ ಹೊಳೆದದ್ದು ಹಿಮದಲ್ಲಿ ನಿಂತಾಗಲೇ. ಅಲ್ಲಿಂದ ದಿನಕ್ಕೆ ಅರ್ಧ ಗಂಟೆ ಅಜ್ಜಿಯ ಅಡುಗೆಮನೆಯಲ್ಲಿ ಕೂರತೊಡಗಿದೆ. ಅವರು ಬಟಾಟೆ ಸುಲಿಯುವುದು, ನಾನು ಕೇಳುವುದು. ತಪ್ಪಿದರೆ ತಿದ್ದುವರು, ಸರಿ ಹೇಳಿದರೆ ಹೊಗಳುವ ಅಭ್ಯಾಸ ಇಲ್ಲ. ಅವರ ಗಂಡ ಹೇಗೆ ಸತ್ತರು, ಮಗ ಯಾಕೆ ಬರುವುದಿಲ್ಲ, ಯುದ್ಧ ಮುಗಿದ ಮೇಲಿನ ಚಳಿಗಾಲದಲ್ಲಿ ಅವರ ತಾಯಿ ಏನು ಬೇಯಿಸುತ್ತಿದ್ದರು — ಇದೆಲ್ಲ ಇಂಗ್ಲಿಷಿನಲ್ಲಿ ನನಗೆ ಯಾರೂ ಹೇಳುತ್ತಿರಲಿಲ್ಲ. ನನಗೆ ಅರ್ಧ ಅರ್ಥವಾಯಿತು. ಉಳಿದ ಅರ್ಧ ಅರ್ಥವಾಗುವ ಮೊದಲೇ ಮಾರ್ಚ್ ಬಂತು. ಆ ಅರ್ಧಕ್ಕಾಗಿ ಇವತ್ತಿಗೂ ದುಃಖವಾಗುತ್ತದೆ. ಒಂದು ವರ್ಷ ಮೊದಲೇ ಕಲಿಯಲು ಕೂತಿದ್ದರೆ!

— ಕಿಟ್ಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ. ನಿಘಂಟಿಗೂ ಅದಕ್ಕೂ ನಡುವೆ ನಲವತ್ತೊಂದು ವರ್ಷ. ಮಧ್ಯೆ ಊರಿಗೆ ಹೋಗಿ ಬಂದದ್ದು ಇರಬಹುದು. ಆದರೂ ನಲವತ್ತೊಂದು ವರ್ಷ.

— ನನಗೆ ಸಿಕ್ಕಿದ್ದು ಇಪ್ಪತ್ತಾರು ವಾರ. ಅಜ್ಜಿಗೆ ಅವರ ವಿಷಯ ಹೇಳಿದೆ. ‘ನಿಮ್ಮ ಊರಿನವರೊಬ್ಬರು ನನ್ನ ಭಾಷೆಯ ನಿಘಂಟು ಬರೆದಿದ್ದಾರೆ’ ಎಂಬ ವಾಕ್ಯ ಕಟ್ಟಲು ನನಗೆ ಒಂದು ಸಂಜೆ ಬೇಕಾಯಿತು. ಅವರು ಬಟಾಟೆ ಕೆಳಗಿಟ್ಟು, ನಿಮ್ಮ ಭಾಷೆಯಲ್ಲಿ ಹಿಡಿಸೂಡಿಗೆ ಏನೆನ್ನುತ್ತಾರೆ ಎಂದು ಕೇಳಿದರು. ಹೇಳಿಕೊಟ್ಟೆ. ‘ಡ’ ಅವರ ಬಾಯಿಗೆ ಬರಲಿಲ್ಲ. ಆದರೆ ಮರುದಿನವೂ ನೆನಪಿಟ್ಟಿದ್ದರು.

— ಇನ್ನು ಓದಿನ ವಿಷಯ ಹೇಳು. ನೀನು ಹೋದದ್ದು ಗುಡಿಸಲಿಕ್ಕಲ್ಲ, ಇತಿಹಾಸದ ಎಂ.ಎ. ಓದಲಿಕ್ಕೆ.

— ಒಂದು ಸೆಮಿನಾರಿಗೆ ನಾವು ಹದಿನಾಲ್ಕು ಮಂದಿ. ವಾರಕ್ಕೆ ಒಂದೇ ಸಲ, ತೊಂಬತ್ತು ನಿಮಿಷ. ಆದರೆ ಅದಕ್ಕೆ ಮೊದಲು ನೂರು ಪುಟ ಓದಿರಬೇಕು. ಎರಡನೆಯ ವಾರ ನನ್ನ ಸರದಿ ಬಂದಾಗ ಲೇಖಕ ಹೇಳಿದ್ದನ್ನೆಲ್ಲ ಕ್ರಮವಾಗಿ ಒಪ್ಪಿಸಿದೆ. ಪ್ರಾಧ್ಯಾಪಕರು ಪೂರ್ತಿ ಕೇಳಿ, ‘ಅವರು ಹೇಳಿದ್ದು ತಿಳಿಯಿತು, ಇದನ್ನು ನೀವು ಒಪ್ಪುತ್ತೀರಾ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಒಪ್ಪುವುದು ಬಿಡುವುದು ನನ್ನ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ.

— ಅಲ್ಲಿ ನಿಲ್ಲು. ಇದನ್ನು ಕೇಳಿ ಜನ ಕೂಡಲೇ ನಮ್ಮ ಮೇಷ್ಟ್ರುಗಳನ್ನು ಬೈಯುತ್ತಾರೆ. ನನ್ನ ತರಗತಿಯಲ್ಲಿ ಅರವತ್ತೆಂಟು ಮಕ್ಕಳಿದ್ದರು. ನಲವತ್ತು ನಿಮಿಷ. ಹಾಜರಿ ಕರೆದು ಮುಗಿಯುವಾಗ ಐದು ನಿಮಿಷ ಹೋಯಿತು. ‘ನೀನು ಒಪ್ಪುತ್ತೀಯಾ’ ಎಂದು ಯಾರನ್ನು ಕೇಳಲಿ? ಹದಿನಾಲ್ಕು ಮಕ್ಕಳನ್ನು ಕೊಟ್ಟಿದ್ದರೆ ನಾನೂ ಕೇಳುತ್ತಿದ್ದೆ.

— ಒಪ್ಪುತ್ತೇನೆ ದೊಡ್ಡಮ್ಮ. ಇದು ಸಂಖ್ಯೆಯ ಮಾತು, ಬುದ್ಧಿಯ ಮಾತಲ್ಲ. ಅಲ್ಲಿಯೂ ಮುನ್ನೂರು ಮಂದಿಯ ಉಪನ್ಯಾಸದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಮುಗಿದಾಗ ಚಪ್ಪಾಳೆಯ ಬದಲು ಬೆರಳ ಗೆಣ್ಣಿನಿಂದ ಮೇಜು ಬಡಿಯುತ್ತಾರೆ, ಎದ್ದು ಹೋಗುತ್ತಾರೆ. ಆದರೆ ಒಂದು ವಿಷಯದಲ್ಲಿ ನಮ್ಮದು ಬದಲಾಗಬೇಕು. ಅಲ್ಲಿ ಒಂದು ಕ್ರೆಡಿಟ್ ಅಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಯ ಕೆಲಸ. ತರಗತಿ, ಓದು, ಬರವಣಿಗೆ ಎಲ್ಲ ಸೇರಿ. ಸೆಮಿಸ್ಟರಿಗೆ ಅಂಥ 30 ಕ್ರೆಡಿಟ್. ನಮ್ಮಲ್ಲಿ ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ. ಮೇಷ್ಟ್ರು ನಿಂತ ಗಂಟೆಯನ್ನು ಎಣಿಸುತ್ತೇವೆ, ಮಗು ಮನೆಯಲ್ಲಿ ಓದಿದ ಗಂಟೆ ಲೆಕ್ಕಕ್ಕೇ ಇಲ್ಲ.

— ಅದೇ ಲೆಕ್ಕದಲ್ಲಿ ಅಲ್ಲವಾ ನೀನು ಸಿಕ್ಕಿಬಿದ್ದದ್ದು? ನಿನ್ನ ಅಪ್ಪ ಮೂರು ತಿಂಗಳು ಕಾಲೇಜಿಗೆ ನಡೆದ ಕತೆ ಗೊತ್ತು ನನಗೆ.

— ಹೌದು. ಅಲ್ಲಿಯ ಪಾಠ ಫೆಬ್ರವರಿಯಲ್ಲಿ ಮುಗಿದರೂ ಪ್ರಬಂಧ ಒಪ್ಪಿಸುವುದು ಮಾರ್ಚ್ ಕೊನೆಗೆ. ಇಲ್ಲಿ ಅಷ್ಟರಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿ ಎರಡು ತಿಂಗಳಾಗಿತ್ತು. ಶೇಕಡ 75 ಹಾಜರಿ ಬೇಕು, ನನ್ನದು ಎಲ್ಲಿಂದ ಬರಬೇಕು? ಅಂಕಪಟ್ಟಿ ಬಂದದ್ದು ಜೂನಿನಲ್ಲಿ. ಅವರಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ಅಂದರೆ ಹೇಗೋ ಪಾಸು, 5.0 ಅಂದರೆ ಫೇಲು. ನನಗೆ ಪ್ರಬಂಧದಲ್ಲಿ 1.7 ಬಂದಿತ್ತು. ನನ್ನ ಕಾಲೇಜಿನ ಕಚೇರಿಯಲ್ಲಿ ಅದನ್ನು ನೋಡಿ ‘ಹತ್ತರಲ್ಲಿ ಒಂದೂ ಮುಕ್ಕಾಲಾ?’ ಎಂದು ಕೇಳಿದರು. ವಿವರಿಸಿ ಹೇಳಿದೆ, ಪತ್ರ ತಂದುಕೊಟ್ಟೆ. ಕೊನೆಗೆ ಎರಡು ವಿಷಯಗಳಿಗೆ ಮಾತ್ರ ಕ್ರೆಡಿಟ್ ಕೊಟ್ಟರು; ಇನ್ನೆರಡನ್ನು ನಾನು ಇಲ್ಲಿ ಮತ್ತೆ ಬರೆದೆ. ನೊಂದದ್ದು ಮತ್ತೆ ಬರೆದದ್ದಕ್ಕಲ್ಲ. ಹೊರಡುವಾಗ ಹಾರ ಹಾಕಿ ಫೋಟೋ ತೆಗೆಸಿದವರು, ಬಂದಾಗ ಓದಿದ್ದನ್ನು ಒಪ್ಪಲಿಲ್ಲ.

— ಅದಕ್ಕೆ ಪರಿಹಾರ?

— ಹೊರಡುವ ಮೊದಲೇ ಕಾಗದ. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವುದಕ್ಕೆ ಸಮ, ಎಷ್ಟು ಕ್ರೆಡಿಟ್, ಅಂಕವನ್ನು ಹೇಗೆ ಬದಲಿಸುವುದು, ಹಾಜರಿ ಹೇಗೆ — ಎರಡೂ ಕಡೆಯವರು ಸಹಿ ಹಾಕಿರಬೇಕು. ಯುರೋಪಿನ ಒಳಗೆ ಎರಾಸ್ಮಸ್ ಎಂಬ ಯೋಜನೆ 1987ರಿಂದ ನಡೆಯುತ್ತಿದೆ. ಒಂದು ದೇಶದ ವಿದ್ಯಾರ್ಥಿ ಇನ್ನೊಂದರಲ್ಲಿ ಒಂದು ಸೆಮಿಸ್ಟರ್ ಓದಿ ಬರುವುದು ಅಲ್ಲಿ ದಿನನಿತ್ಯದ ಸಂಗತಿ, ಇಂಥ ಕರಾರು ಪತ್ರ ಇಲ್ಲದೆ ಯಾರೂ ರೈಲು ಹತ್ತುವುದಿಲ್ಲ. ನಾನು ಬಾಯಿಮಾತು ನಂಬಿ ವಿಮಾನ ಹತ್ತಿದೆ. ಆಚೆ ಮನೆಯ ಹುಡುಗನ ಅಪ್ಪನಿಗೆ ಇದನ್ನು ಒತ್ತಿ ಹೇಳಿ.

— ಖರ್ಚು? ಅವರದು ಸಣ್ಣ ಕಿರಾಣಿ ಅಂಗಡಿ.

— ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಉಂಟು, ಒಪ್ಪಂದದ ಮೇಲೆ ಹೋದವರಿಗೆ ಮಾಫಿ. ಭಾರ ಇರುವುದು ಇರುವ ಉಣ್ಣುವ ಖರ್ಚಿನಲ್ಲಿ. ನಾನು ಹೋದಾಗ ವೀಸಾಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕಿತ್ತು. ಆರು ತಿಂಗಳಿಗೆ 5,952. ನಮ್ಮ ಹಣದಲ್ಲಿ ಐದು ಲಕ್ಷದ ಮೇಲೆ. ಅಪ್ಪ ಪಿಎಫ್ ತೆಗೆದರು. ಇದು ಹೀಗೇ ಇದ್ದರೆ ಹೋಗುವವರು ಉಳ್ಳವರ ಮಕ್ಕಳು ಮಾತ್ರ. ನಿಜವಾಗಿ ಹೋಗಬೇಕಾದವರು ಕಿರಾಣಿ ಅಂಗಡಿಯ ಮಕ್ಕಳು. ಅವನು ಮೊದಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿ. ಸಾಲ ಮಾಡಿ ಹೋಗಬೇಕಾದರೆ, ಒಂದು ಸೆಮಿಸ್ಟರಿಗಾಗಿ ಬೇಡ ಎಂದೇ ಹೇಳುತ್ತೇನೆ.

— ಅದು ನೇರ ಮಾತು. ಹೇಳುತ್ತೇನೆ. ಆ ಪ್ರಬಂಧ ಯಾವುದರ ಮೇಲೆ?

— ಹೆಂಚಿನ ಮೇಲೆ.

— ಹೆಂಚು?

— ನಮ್ಮ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದರಲ್ಲ, ಅದರಲ್ಲಿ ದುಡಿದವರ ಬಗ್ಗೆ. ಮಿಷನ್ನಿನ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಉಂಟು. ಎರಡು ದಿನ ಬಿಡುವು ಮಾಡಿಕೊಂಡು ರೈಲಿನಲ್ಲಿ ಹೋದೆ. ಓದುವ ಕೋಣೆಯಲ್ಲಿ ನನ್ನ ಮುಂದೆ ಒಂದು ಪೆಟ್ಟಿಗೆ ತಂದಿಟ್ಟರು. ತೆಳು ಕಾಗದ, ಕಂದು ತಿರುಗಿದ ಶಾಯಿ, ಅಂಚು ಬಿಡದೆ ಒತ್ತೊತ್ತಾಗಿ ಬರೆದ ಕಾಗದಗಳು. ಇಲ್ಲಿಂದ ಹೋದವು.

— ಓದಿದೆಯಾ?

— ಒಂದು ಸಾಲೂ ಓದಲಾಗಲಿಲ್ಲ. ಆ ಕಾಲದ ಜರ್ಮನರ ಕೈಬರಹವೇ ಬೇರೆ, ಕುರೆಂಟ್ ಎನ್ನುತ್ತಾರೆ. ಈಗಿನ ಜರ್ಮನರಿಗೂ ಕಲಿಯದೆ ಓದಲು ಬರುವುದಿಲ್ಲ. ಆದರೆ ಒಂದು ವಿಚಿತ್ರ ದೊಡ್ಡಮ್ಮ. ಪರದೇಶದ ಹೆಸರು ಬಂದಾಗ ಅವರು ಸಾಮಾನ್ಯವಾಗಿ ಆ ಬರಹ ಬಿಟ್ಟು ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಹಾಗಾಗಿ ಪುಟದ ತುಂಬ ನನಗೆ ತಿಳಿಯದ ಗೆರೆಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಸ್ಪಷ್ಟವಾಗಿ ಮಂಗಳೂರು, ಉಡುಪಿ, ಧಾರವಾಡ. ಒಂದು ಕಡೆ ಒಬ್ಬ ಕೂಲಿಯಾಳಿನ ಹೆಸರು. ಅವನ ಬಗ್ಗೆ ಮೇಲೆ ಕೆಳಗೆ ಹತ್ತು ಸಾಲು ಬರೆದಿದ್ದಾರೆ. ಹೊಗಳಿದ್ದಾರೋ, ದೂರಿದ್ದಾರೋ, ಸತ್ತನೆಂದು ತಿಳಿಸಿದ್ದಾರೋ, ನನಗೆ ಗೊತ್ತಾಗಲಿಲ್ಲ. ಬೆರಳಿಟ್ಟು ಆ ಹೆಸರನ್ನು ಮಾತ್ರ ನಾಲ್ಕು ಸಲ ಓದಿದೆ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಅಚ್ಚಾದ ವರದಿಗಳಿಂದ ಬರೆದು ಮುಗಿಸಿದೆ. 1.7 ಬಂತು. ಆ ಹತ್ತು ಸಾಲು ಹಾಗೇ ಉಳಿದಿದೆ.

— ನಮ್ಮ ಅಜ್ಜನ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದವರು. ನಿನ್ನ ಅಮ್ಮ ಹೇಳಿದ್ದಾಳೋ ಇಲ್ಲವೋ.

— ಹೇಳಿದ್ದಾಳೆ. ಅದಕ್ಕಾಗಿಯೇ ಆ ವಿಷಯ ತೆಗೆದುಕೊಂಡದ್ದು.

— ಕರಾವಳಿಯ ಬಡವರ ಹೆಸರು ಇಲ್ಲಿ ಯಾವ ಕಡತದಲ್ಲೂ ಇಲ್ಲ. ಅಲ್ಲಿ ಉಂಟು, ನಮಗೆ ಓದಲು ಬಾರದ ಅಕ್ಷರದಲ್ಲಿ. ಮಗಳೇ, ಅವರು ನಮ್ಮ ಭಾಷೆ ಕಲಿತು ನಮಗೆ ನಿಘಂಟು ಕೊಟ್ಟರು. ನಮ್ಮ ಜಿಲ್ಲೆಯ ಹತ್ತು ಮಕ್ಕಳಾದರೂ ಅವರ ಭಾಷೆ ಕಲಿತು ಆ ಪೆಟ್ಟಿಗೆ ಓದಬೇಡವಾ?

— ಓದಬೇಕು. ನಾನು ಈಗ ಮೂರನೆಯ ಮೆಟ್ಟಿಲು ಬಿ1ಕ್ಕೆ ಸೇರಿದ್ದೇನೆ. ಅದಾದ ಮೇಲೆ ಆ ಹಳೆಯ ಕೈಬರಹ. ವಾರಕ್ಕೊಮ್ಮೆ ಅಜ್ಜಿಗೆ ಫೋನು ಮಾಡುತ್ತೇನೆ, ಇನ್ನೂ ತಿದ್ದುತ್ತಾರೆ. ಹುಡುಗ ಹೊರಡುವುದು ಯಾವಾಗ?

— ಮುಂದಿನ ಅಕ್ಟೋಬರ್.

— ಹಾಗಾದರೆ ಹನ್ನೊಂದು ತಿಂಗಳು ಉಂಟು. ಮನಸ್ಸಿಟ್ಟು ಕೂತರೆ ಎ2 ಮುಗಿಸಿಯೇ ಹೋಗಬಹುದು. ಭಾನುವಾರ ಬೆಳಿಗ್ಗೆ ನನ್ನ ಹತ್ತಿರ ಕಳಿಸಿ. ನನ್ನ ಎ1 ಪುಸ್ತಕ ಕೊಡುತ್ತೇನೆ. ಪೆನ್ಸಿಲಿನಲ್ಲಿ ತುಂಬ ಗೀಚಿದ್ದೇನೆ, ಅಳಿಸಿ ಇಡುತ್ತೇನೆ.

— ಅಳಿಸಬೇಡ. ಪಕ್ಕದಲ್ಲಿ ನೀನು ಕನ್ನಡದಲ್ಲಿ ಬರೆದ ಅರ್ಥ ಅವನಿಗೂ ಬೇಕಾಗುತ್ತದೆ. ಎಷ್ಟು ಗಂಟೆಗೆ ಎಂದು ಹೇಳು, ನಾನೂ ಬಂದು ಕೂರುತ್ತೇನೆ.